ಮಿಗ್ ವೆಲ್ಡಿಂಗಿಗೆ ಯಾವ ತಂತಿ: 0.6, 0.8 ಅಥವಾ 1.0 ಮಿ.ಮೀ? ಒಂದು ಮೇಜು ಕಟ್ಟುವಾಗ ಬರೆದಿಟ್ಟದ್ದು

ಮೊದಲ ದಿನವೇ 1.2 ಮಿ.ಮೀ ಶೀಟಿನಲ್ಲಿ ಹನ್ನೊಂದು ತೂತು ಮಾಡಿದೆ. ಎಣಿಸಿಯೇ ಹೇಳುತ್ತಿದ್ದೇನೆ. ಬೆಸುಗೆ ಹಾಕಬೇಕಿದ್ದ ಉದ್ದ ಬರೀ 30 ಸೆಂ.ಮೀ. ಅಂದರೆ ಮೂರು ಸೆಂ.ಮೀಗೆ ಒಂದು ತೂತು, ಮೇಲೊಂದು ಕೊಸರು.

ಕಟ್ಟಲು ಹೊರಟದ್ದು ಒಂದು ಗಟ್ಟಿ ಕೆಲಸದ ಮೇಜು. ಮೇಲೆ 6 ಮಿ.ಮೀ ಪ್ಲೇಟು. ಕಾಲುಗಳಿಗೂ ಅಡ್ಡಪಟ್ಟಿಗಳಿಗೂ 40×40 ಚೌಕ ಪೈಪು, ಅದರ ಗೋಡೆ 2 ಮಿ.ಮೀ ದಪ್ಪ. ಕೆಳಗಡೆ ಸಾಮಾನು ಇಡಲು 1.2 ಮಿ.ಮೀ ಶೀಟಿನ ಟ್ರೇ. ಎಲ್ಲವೂ ಸಾದಾ ಮೈಲ್ಡ್ ಸ್ಟೀಲ್. ಒಂದೇ ಮೇಜಿನಲ್ಲಿ ಮೂರು ದಪ್ಪ ಬರುತ್ತದೆ ಅನ್ನುವುದು ನಕ್ಷೆ ಬರೆಯುವಾಗಲೇ ಗೊತ್ತಿತ್ತು. ಅದಕ್ಕೂ ತಂತಿಗೂ ಸಂಬಂಧ ಇದೆ ಅನ್ನುವುದು ಮಾತ್ರ ತಲೆಗೆ ಬರಲಿಲ್ಲ.

ಮಷೀನು ಸೆಕೆಂಡ್ ಹ್ಯಾಂಡ್ ಮಿಗ್, ಅಂದರೆ ಸ್ಪೂಲಿನಿಂದ ತಾನಾಗಿ ಬರುವ ತಂತಿಯನ್ನು ಕರೆಂಟಿನಿಂದ ಕರಗಿಸಿ ಬೆಸೆಯುವಂಥದ್ದು. ಹೆಚ್ಚೆಂದರೆ 160 ಆಂಪ್ ಕೊಡುತ್ತದೆ. ವೋಲ್ಟೇಜಿಗೆ ಒಂದು ತಿರುಗಣೆ, ತಂತಿ ವೇಗಕ್ಕೆ ಇನ್ನೊಂದು. ಆಂಪ್‌ಗೆ ಬೇರೆ ತಿರುಗಣೆ ಇಲ್ಲ, ವೆಲ್ಡ್ ಮಾಡುವಾಗ ಅದು ಡಿಸ್‌ಪ್ಲೇಯಲ್ಲಿ ಕಾಣುತ್ತದೆ ಅಷ್ಟೆ. ಗ್ಯಾಸು 80 ಭಾಗ ಆರ್ಗಾನ್, 20 ಭಾಗ ಇಂಗಾಲದ ಡೈಆಕ್ಸೈಡ್. ಮಷೀನಿನ ಒಳಗೆ 1.0 ಮಿ.ಮೀ ತಂತಿಯ ಸ್ಪೂಲ್ ಅರ್ಧ ಉಳಿದಿತ್ತು. ಇದ್ದದ್ದನ್ನೇ ಬಳಸಿದರಾಯಿತು ಅಂದುಕೊಂಡು ಶುರು ಮಾಡಿದೆ.

ಪೈಪಿನ ಫ್ರೇಮು ಚೆನ್ನಾಗಿಯೇ ಬಂತು. ಸುಮಾರು 80 ಆಂಪ್‌ನಲ್ಲಿ ಬೀಡ್, ಅಂದರೆ ಬೆಸುಗೆಯ ಗೆರೆ, ಹದವಾಗಿ ಕೂತಿತು. ಹಾಗಾಗಿ ಧೈರ್ಯ ಜಾಸ್ತಿಯಾಯಿತು. ಟ್ರೇ ಶೀಟು ಹಿಡಿದಾಗ ಇಳಿಯಿತು. ತಂತಿ ವೇಗವನ್ನು ಕೊನೆವರೆಗೂ ಇಳಿಸಿದರೂ ತೂತು. ವೋಲ್ಟೇಜ್ ಇಳಿಸಿದರೆ ತಂತಿ ಕರಗದೆ ಶೀಟಿಗೆ ಕುಟ್ಟಿ ಟಾರ್ಚನ್ನೇ (ತಂತಿ ಹೊರಬರುವ, ಕೈಯಲ್ಲಿ ಹಿಡಿಯುವ ಭಾಗ) ಹಿಂದಕ್ಕೆ ತಳ್ಳುತ್ತಿತ್ತು. ಬೀಡ್ ಬದಲು ಅರ್ಧಂಬರ್ಧ ಕರಗಿದ ತಂತಿಯ ಕಡ್ಡಿಗಳು ನಿಂತವು. ಏರಿಸಿದರೆ ತೂತು, ಇಳಿಸಿದರೆ ಕಡ್ಡಿ. ನಡುವೆ ಹದವೇ ಇರಲಿಲ್ಲ.

ತಂತಿ ದಪ್ಪ ಆಯಿತು ಅನ್ನುವ ತೀರ್ಮಾನಕ್ಕೆ ಬಂದೆ. ಅದು ಸರಿಯೇ ಆಗಿತ್ತು. ಆದರೆ ಆಮೇಲೆ ಮಾಡಿದ್ದು ತಪ್ಪು.

ಸ್ಪೂಲ್ ಮಾತ್ರ ಬದಲಿಸಿದ ದಿನ

0.8 ಮಿ.ಮೀ ತಂತಿ ತಂದೆ. ಹಳೆ ಸ್ಪೂಲ್ ತೆಗೆದು ಹೊಸದು ಹಾಕಿದೆ. ತಂತಿಯ ತುದಿ ಟಾರ್ಚಿನಿಂದ ಹೊರಗೆ ಬಂತು. ಕೆಲಸ ಮುಗಿಯಿತು ಅಂದುಕೊಂಡೆ. ಬೇರೇನನ್ನೂ ಮುಟ್ಟಲಿಲ್ಲ.

ಹಳೆಯದೇ ವಾಸಿ ಅನ್ನಿಸುವ ಹಾಗಾಯಿತು. ಆರ್ಕ್ (ತಂತಿಗೂ ಕಬ್ಬಿಣಕ್ಕೂ ನಡುವೆ ಹೊತ್ತುವ ಕಿಡಿ) ಎರಡು ಸೆಕೆಂಡು ಸರಿಯಾಗಿ ಉರಿಯುತ್ತಿತ್ತು, ಮೂರನೆಯ ಸೆಕೆಂಡಿಗೆ ಉಸಿರು ಕಟ್ಟಿದ ಹಾಗೆ ನಿಲ್ಲುತ್ತಿತ್ತು, ಮತ್ತೆ ಚಟಾರನೆ ಹೊತ್ತುತ್ತಿತ್ತು. ಆಂಪ್ ಅಂಕಿ 40ರಿಂದ 90ಕ್ಕೆ ಜಿಗಿದು ಮತ್ತೆ ಕೆಳಗೆ ಬೀಳುತ್ತಿತ್ತು. ತಂತಿ ಜಾರುತ್ತಿದೆ ಅನ್ನಿಸಿ, ಅದನ್ನು ಮುಂದೆ ತಳ್ಳುವ ರೋಲರ್ ಒತ್ತುವ ಸ್ಕ್ರೂ ಬಿಗಿ ಮಾಡಿದೆ. ಸ್ವಲ್ಪ ಹೊತ್ತು ಸರಿಯಾಯಿತು. ಮತ್ತೆ ಜಾರಿತು. ಇನ್ನೂ ಬಿಗಿ ಮಾಡಿದೆ. ಆಗ ತಂತಿ ಕರಗಿ ಹಿಂದಕ್ಕೆ ಹೋಗಿ ಟಾರ್ಚಿನ ತುದಿಯ ಟಿಪ್‌ಗೇ ಅಂಟಿಕೊಂಡಿತು. ನನಗೆ ಗೊತ್ತಾಗಲಿಲ್ಲ, ಟ್ರಿಗರ್ ಒತ್ತಿಯೇ ಇದ್ದೆ. ಮುಂದೆ ದಾರಿ ಮುಚ್ಚಿದೆ, ಹಿಂದಿನಿಂದ ರೋಲರ್ ತಳ್ಳುತ್ತಲೇ ಇದೆ. ಮಷೀನಿನ ಬಾಗಿಲು ತೆಗೆದು ನೋಡಿದರೆ ಒಳಗೆ ಹಕ್ಕಿ ಗೂಡು ಕಟ್ಟಿದ ಹಾಗೆ ತಂತಿ ಸುತ್ತಿಕೊಂಡು ಕೂತಿತ್ತು.

ಒಂದು ಸಲ ಅಲ್ಲ, ಅವತ್ತು ಮೂರು ಗೂಡು.

ಮರುದಿನ, ವರ್ಷಾನುಗಟ್ಟಲೆ ವೆಲ್ಡಿಂಗ್ ಮಾಡಿದ ಹಿರಿಯರೊಬ್ಬರಿಗೆ ತೋರಿಸಿದೆ. ತಂತಿಯ ಕ್ವಾಲಿಟಿ ಸರಿ ಇಲ್ಲ ಅಂತ ದೂರು ಹೇಳಿದೆ. ಅವರು ಸ್ಪೂಲಿನ ಕಡೆ ನೋಡಲೇ ಇಲ್ಲ.

"ತಂತಿಗೆ ಯಾಕಪ್ಪಾ ಬಯ್ತೀಯ? ರೋಲರ್ ಯಾವ ನಂಬರ್ ಹಾಕಿದೀಯ ನೋಡು."

"ಮಷೀನ್ ಜೊತೆ ಬಂದದ್ದೇ ಇದೆ ಅಣ್ಣ."

"ಟಿಪ್ಪು?"

"ಅದೂ ಅದೇ."

"ಹಂಗಾದ್ರೆ ನೀನು ಬದಲಾಯಿಸಿರೋದು ಕಾಲುಭಾಗ. ಇನ್ನೂ ಮೂರು ಭಾಗ ಬಾಕಿ ಇದೆ."

ಆ ಮೂರು ಭಾಗ ಅಂದರೆ ರೋಲರ್, ಲೈನರ್, ಟಿಪ್. ತಂತಿ ಯಾವ ಅಳತೆಯದೋ ಈ ಮೂರೂ ಅದಕ್ಕೆ ಹೊಂದಬೇಕು. ನನ್ನ ಮಷೀನಿನಲ್ಲಿ ಮೂರೂ 1.0ಕ್ಕೆ ಇದ್ದವು.

ರೋಲರ್ ಬಿಚ್ಚಿದಾಗ ಅದರಲ್ಲಿ ತಂತಿ ಕೂರುವ ಎರಡು ಗ್ರೂವ್ ಇರುವುದು ಕಂಡಿತು. ಒಂದು 0.8, ಇನ್ನೊಂದು 1.0. ತಿರುಗಿಸಿ ಹಾಕಿದರೆ ಸಾಕಿತ್ತು, ಹೊಸದು ತರಬೇಕಾಗಿಯೇ ಇರಲಿಲ್ಲ. 1.0 ಗ್ರೂವಿನಲ್ಲಿ 0.8 ತಂತಿ ಆಳಕ್ಕೆ ಕೂತುಬಿಡುತ್ತದೆ, ಮೇಲಿನ ರೋಲರಿಗೆ ಹಿಡಿತ ಸಿಗುವುದಿಲ್ಲ. ನಾನು ಎಷ್ಟು ಬಿಗಿ ಮಾಡಿದರೂ ಜಾರುತ್ತಿದ್ದದ್ದು ಅದಕ್ಕೇ. ಒಂದು ಎಚ್ಚರಿಕೆ: ರೋಲರಿನ ಮುಖದ ಮೇಲೆ ಕಾಣುವ ಅಂಕಿ ಈಗ ಬಳಕೆಯಲ್ಲಿರುವ ಗ್ರೂವಿನದೇ ಆಗಿರಬೇಕು ಅಂತಿಲ್ಲ. ಕೆಲವು ಮಷೀನುಗಳಲ್ಲಿ ಹಾಗಿರುತ್ತದೆ, ಕೆಲವುಗಳಲ್ಲಿ ಉಲ್ಟಾ. ಅಂಕಿ ನಂಬುವ ಬದಲು ತಂತಿಯ ತುಂಡೊಂದನ್ನು ಗ್ರೂವಿನಲ್ಲಿಟ್ಟು ನೋಡಿ. ಅದು ಸ್ವಲ್ಪ ಮೇಲೆ ಎದ್ದು ನಿಂತರೆ ಸರಿ. ಪೂರ್ತಿ ಮುಳುಗಿದರೆ ಗ್ರೂವ್ ದೊಡ್ಡದು.

ಲೈನರ್ ಅಂದರೆ ಟಾರ್ಚಿನ ಕೇಬಲ್ ಒಳಗೆ ತಂತಿ ಓಡುವ ಕೊಳವೆ, ಸ್ಪ್ರಿಂಗಿನ ಹಾಗೆ ಸುತ್ತಿರುತ್ತದೆ. ಸಾಮಾನ್ಯವಾಗಿ 0.6, 0.8ಕ್ಕೆ ನೀಲಿ, 1.0, 1.2ಕ್ಕೆ ಕೆಂಪು. ನನ್ನದು ಕೆಂಪು. ದೊಡ್ಡ ಕೊಳವೆಯಲ್ಲಿ ಸಣ್ಣ ತಂತಿ ನೇರ ಹೋಗುವುದಿಲ್ಲ, ಹಾವಿನ ಹಾಗೆ ಡೊಂಕಾಗಿ ಹೋಗುತ್ತದೆ. ರೋಲರ್ ಒಂದೇ ಸಮ ತಳ್ಳಿದರೂ ಆಚೆ ತುದಿಯಲ್ಲಿ ತಂತಿ ತಡೆದು ತಡೆದು ಬರುತ್ತದೆ. ಅದರ ಜೊತೆಗೆ ನನ್ನ ಲೈನರಿನಿಂದ ಬೆರಳಿಗೆ ಅಂಟುವಷ್ಟು ತಾಮ್ರದ ಪುಡಿ ಉದುರಿತು. ರೋಲರನ್ನು ಅತಿಯಾಗಿ ಬಿಗಿ ಮಾಡಿ ತಂತಿಯ ಮೇಲಿನ ತಾಮ್ರದ ಲೇಪವನ್ನು ನಾನೇ ಕೆರೆದು ಹಾಕಿದ್ದೆ. ಲೈನರ್ ಹೊಸದೇ ಹಾಕಿದೆ.

ಟಿಪ್ ನೋಡಲು ಚಿಕ್ಕದು, ಆದರೆ ತಂತಿಗೆ ಕರೆಂಟ್ ಕೊಡುವುದೇ ಅದು. 1.0 ತೂತಿನೊಳಗೆ 0.8 ತಂತಿ ಅಲ್ಲಾಡುತ್ತದೆ. ಒಮ್ಮೆ ಮುಟ್ಟುತ್ತದೆ, ಒಮ್ಮೆ ಬಿಡುತ್ತದೆ. ಆಂಪ್ ಅಂಕಿ ಕುಣಿಯುತ್ತಿದ್ದದ್ದರಲ್ಲಿ ಇದರ ಪಾಲೂ ಇತ್ತು. ಹಳೆ ಟಿಪ್ ಬಿಚ್ಚಿ ಬೆಳಕಿಗೆ ಹಿಡಿದಾಗ ತೂತು ಗುಂಡಗೂ ಇರಲಿಲ್ಲ, ಮೊಟ್ಟೆಯಾಕಾರಕ್ಕೆ ಸವೆದಿತ್ತು.

ಮೂರನ್ನೂ ಸರಿ ಮಾಡಿ, ರೋಲರ್ ಬಿಗಿಯನ್ನು ಹೊಸದಾಗಿ ಹೊಂದಿಸಿದೆ. ಪೂರ್ತಿ ಸಡಿಲ ಮಾಡಿ, ಕೈಗವಸು ಹಾಕಿಕೊಂಡು, ಹೊರಬರುವ ತಂತಿಯನ್ನು ಮರದ ತುಂಡಿಗೆ ಓರೆಯಾಗಿ ಮುಟ್ಟಿಸಿ ಟ್ರಿಗರ್ ಒತ್ತುವುದು. ಜಾರಿದರೆ ಸ್ವಲ್ಪ ಬಿಗಿ. ತಂತಿ ಮರಕ್ಕೆ ತಾಗಿ ಬಾಗಿ ಸುರುಳಿಯಾಗುವಷ್ಟಕ್ಕೆ ನಿಲ್ಲಿಸುವುದು, ಅಲ್ಲಿಂದ ಮುಂದೆ ಬೇಡ. ಸ್ಪೂಲಿನ ಬ್ರೇಕನ್ನೂ ನೋಡಿಕೊಂಡೆ. ಟ್ರಿಗರ್ ಬಿಟ್ಟಾಗ ಸ್ಪೂಲ್ ತಾನಾಗಿ ಉರುಳಿ ತಂತಿ ಸಡಿಲಾಗದಷ್ಟು ಬಿಗಿ ಸಾಕು.

ಆಮೇಲೆ ಅದೇ ತಂತಿ, ನಾನು ಕ್ವಾಲಿಟಿ ಸರಿ ಇಲ್ಲ ಅಂದದ್ದೇ, ಬಟ್ಟೆ ಹರಿದ ಹಾಗೆ ಒಂದೇ ಸಮ ಚರ್ರ್ ಅಂತ ಓಡಿತು. ಹಿರಿಯರು ನಕ್ಕರು, ಏನೂ ಹೇಳಲಿಲ್ಲ.

ತಂತಿಯ ದಪ್ಪ ಅಂದರೆ ಸೈಕಲ್ಲಿನ ಗೇರು

ಇಲ್ಲಿಗೆ ಫೀಡ್ ಸರಿಯಾಯಿತು. ಆದರೆ ಮೊದಲ ದಿನದ ತೂತು ತಲೆಯಲ್ಲೇ ಕೊರೆಯುತ್ತಿತ್ತು. ಅವತ್ತು ರೋಲರ್, ಲೈನರ್, ಟಿಪ್ ಎಲ್ಲ 1.0ಕ್ಕೆ ಹೊಂದಿದ್ದವು. ಆದರೂ ಹದ ಯಾಕೆ ಸಿಗಲಿಲ್ಲ?

ಕೂತು ಅಳೆದೆ. ಮಿಗ್ ಮಷೀನಿನಲ್ಲಿ ನಾವು ಆಂಪ್ ಅನ್ನು ನೇರವಾಗಿ ಇಡುವುದಿಲ್ಲ. ವೋಲ್ಟೇಜ್ ಇಡುತ್ತೇವೆ, ತಂತಿ ವೇಗ ಇಡುತ್ತೇವೆ. ಬರುತ್ತಿರುವ ತಂತಿಯನ್ನು ಕರಗಿಸಲು ಎಷ್ಟು ಆಂಪ್ ಬೇಕೋ ಮಷೀನು ಅಷ್ಟು ಕೊಡುತ್ತದೆ. ತಂತಿ ಜೋರಾಗಿ ಬಂದರೆ ಆಂಪ್ ಜಾಸ್ತಿ. ತಂತಿ ದಪ್ಪವಾದರೆ ಅದೇ ವೇಗಕ್ಕೂ ಆಂಪ್ ಜಾಸ್ತಿ, ಯಾಕೆಂದರೆ ಕರಗಿಸಬೇಕಾದ ಕಬ್ಬಿಣವೇ ಜಾಸ್ತಿ.

ಎಷ್ಟು ಜಾಸ್ತಿ ಅನ್ನುವುದರಲ್ಲೇ ನಾನು ಮೋಸ ಹೋದದ್ದು. 0.8ಕ್ಕೂ 1.0ಕ್ಕೂ 0.2 ಮಿ.ಮೀ ವ್ಯತ್ಯಾಸ, ಅದೇನು ಮಹಾ ಅನ್ನಿಸುತ್ತದೆ ಅಲ್ವಾ? ಅಡ್ಡ ಕೊಯ್ತದ ವಿಸ್ತೀರ್ಣ ತೆಗೆದರೆ 0.6 ತಂತಿಯದು 0.28 ಚದರ ಮಿ.ಮೀ, 0.8ರದ್ದು 0.50, 1.0ರದ್ದು 0.79, 1.2ರದ್ದು 1.13. ಅಂದರೆ 1.0 ತಂತಿಯಲ್ಲಿ 0.8ಕ್ಕಿಂತ ಒಂದೂವರೆ ಪಟ್ಟು ಕಬ್ಬಿಣ. 1.2 ತಂತಿ 0.6ರ ನಾಲ್ಕು ಪಟ್ಟು. ತೂಕದಲ್ಲಿ ಹೇಳಿದರೆ 0.8 ತಂತಿ ಒಂದು ಮೀಟರಿಗೆ ಸುಮಾರು 4 ಗ್ರಾಂ, 1.0 ತಂತಿ 6 ಗ್ರಾಂ ಚಿಲ್ಲರೆ. 5 ಕೆ.ಜಿ.ಯ 0.8 ಸ್ಪೂಲಿನಲ್ಲಿ ಒಂದೂಕಾಲು ಕಿಲೋಮೀಟರ್ ತಂತಿ ಇರುತ್ತದೆ. ಗೂಡು ಬಿಡಿಸಿ ಕತ್ತರಿಸಿ ಎಸೆಯುವಾಗ ಈ ಲೆಕ್ಕವೇ ಸಮಾಧಾನ.

ಇನ್ನು ವೇಗ. ಸ್ಟೀಲ್ ತಂತಿಗೆ ವೆಲ್ಡರುಗಳು ಬಳಸುವ ಒಂದು ಅಂದಾಜು ಇದೆ. ಪ್ರತಿ ಆಂಪ್‌ಗೆ ನಿಮಿಷಕ್ಕೆ 0.6 ತಂತಿ ಸುಮಾರು 9 ಸೆಂ.ಮೀ ಓಡಬೇಕು, 0.8 ತಂತಿ 5 ಸೆಂ.ಮೀ. ಅಡ್ಡ ಕೊಯ್ತದ ವಿಸ್ತೀರ್ಣದ ಅನುಪಾತ ಹಿಡಿದು 1.0ಕ್ಕೆ ನಾನು ಹಾಕಿಕೊಂಡದ್ದು 3.2 ಸೆಂ.ಮೀ. ಪಕ್ಕಾ ನಿಯಮ ಅಲ್ಲ, ಗ್ಯಾಸು ಬದಲಾದರೂ ತಂತಿ ಹೊರಚಾಚಿದ ಉದ್ದ ಬದಲಾದರೂ ಇದು ಅಲ್ಲಾಡುತ್ತದೆ. ಹದ ಹುಡುಕಲು ಶುರು ಮಾಡುವ ಜಾಗ ಅಷ್ಟೆ.

ನನ್ನ ಮಷೀನಿನ ವೇಗ ಅಳೆಯುವುದು ಸುಲಭವಾಗಿತ್ತು. ಗ್ಯಾಸು ಮುಚ್ಚಿ, ಅರ್ತ್ ಕ್ಲಾಂಪನ್ನು ದೂರ ಇಟ್ಟು, ಟಾರ್ಚನ್ನು ಮುಖದಿಂದ ಆಚೆ ತಿರುಗಿಸಿ, 6 ಸೆಕೆಂಡು ಟ್ರಿಗರ್ ಒತ್ತುವುದು. ಹೊರಬಂದ ತಂತಿ ಅಳೆದು ಹತ್ತರಿಂದ ಗುಣಿಸಿದರೆ ನಿಮಿಷದ ವೇಗ. ಟ್ರಿಗರ್ ಒತ್ತಿದಾಗ ತಂತಿಯಲ್ಲಿ ಕರೆಂಟ್ ಇರುತ್ತದೆ, ಯಾವುದಕ್ಕೂ ತಾಗಬಾರದು. ತಿರುಗಣೆಯ ಕೆಳ ತುದಿಯಲ್ಲಿ 20 ಸೆಂ.ಮೀ ಬಂತು, ಅಂದರೆ ನಿಮಿಷಕ್ಕೆ 2 ಮೀಟರ್. ಮೇಲಿನ ತುದಿಯಲ್ಲಿ ಸುಮಾರು 12 ಮೀಟರ್.

ಈಗ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. 1.0 ತಂತಿಗೆ ಅತಿ ನಿಧಾನ ಅಂದರೆ 2 ಮೀಟರ್, ಅದು ಕೇಳುವುದು 62 ಆಂಪ್. ನನ್ನ 1.2 ಮಿ.ಮೀ ಶೀಟಿಗೆ ಬೇಕಾದದ್ದು ಎಷ್ಟು? ಸ್ಟೀಲಿಗೆ ಒಂದು ಮಿ.ಮೀ ದಪ್ಪಕ್ಕೆ 40 ಆಂಪ್ ಅನ್ನುವುದು ಹಳೆಯ ಅಂದಾಜು. ಅಂದರೆ 48. ತಿರುಗಣೆ ಎಷ್ಟು ಇಳಿಸಿದರೂ 62ರ ಕೆಳಗೆ ಹೋಗಲು ಆ ತಂತಿಯಲ್ಲಿ ದಾರಿಯೇ ಇರಲಿಲ್ಲ! ವೋಲ್ಟೇಜ್ ಇಳಿಸಿದಾಗ ಮಷೀನಿಗೆ ಕರಗಿಸುವ ಶಕ್ತಿ ಸಾಲಲಿಲ್ಲ, ತಂತಿ ಮಾತ್ರ ಬರುತ್ತಲೇ ಇತ್ತು. ಅದಕ್ಕೇ ಆ ಕಡ್ಡಿಗಳು.

0.6 ತಂತಿಗೆ ತೊಂದರೆ ಇನ್ನೊಂದು ತುದಿಯಲ್ಲಿ. 12 ಮೀಟರಿಗೆ ಸುಮಾರು 135 ಆಂಪ್, ಅಲ್ಲಿಗೆ ಮೋಟಾರಿನ ಕಥೆ ಮುಗಿಯಿತು. 150 ಆಂಪ್ ಬೇಕೆಂದರೆ 13 ಮೀಟರ್ ದಾಟಿ ಓಡಬೇಕು. 0.8 ತಂತಿ ಮಾತ್ರ 2 ಮೀಟರಿನಲ್ಲಿ 40 ಆಂಪ್, 8 ಮೀಟರಿನಲ್ಲಿ 160 ಆಂಪ್. ನನ್ನ ಮಷೀನಿನ ಇಡೀ ಹರವು ಅದರೊಳಗೇ ಬಂತು.

ಸೈಕಲ್ ತುಳಿಯುವ ಕಾಲು ಒಂದೇ, ಗೇರು ಬದಲಾದರೆ ಏರೂ ಹತ್ತುತ್ತದೆ, ಇಳಿಜಾರೂ ಸಿಗುತ್ತದೆ. ಇಲ್ಲಿ ಮೋಟಾರು ಕಾಲು, ತಂತಿಯ ದಪ್ಪ ಗೇರು. ಶೀಟು ಇಷ್ಟು ದಪ್ಪವಿದ್ದರೆ ತಂತಿ ಇಷ್ಟು ಅನ್ನುವ ಪಟ್ಟಿಗಳನ್ನು ನಾನೂ ನೋಡಿದ್ದೆ. ಆ ಪಟ್ಟಿಗಳು ಸುಳ್ಳಲ್ಲ. ಆದರೆ ಅವುಗಳಲ್ಲಿ ನಮ್ಮ ಮಷೀನು ಎಷ್ಟು ನಿಧಾನಕ್ಕೆ, ಎಷ್ಟು ಜೋರಾಗಿ ತಂತಿ ತಳ್ಳುತ್ತದೆ ಅನ್ನುವುದು ಇರುವುದಿಲ್ಲ. ಅದನ್ನು ನಾವೇ ಅಳೆಯಬೇಕು, ಎರಡು ನಿಮಿಷದ ಕೆಲಸ.

ಪಟ್ಟಿ ಬೇಕೇ ಬೇಕು ಅನ್ನುವವರಿಗೆ: 0.6 ತಂತಿಗೆ 30ರಿಂದ 90 ಆಂಪ್, 0.8ಕ್ಕೆ 40ರಿಂದ 145, 0.9ಕ್ಕೆ 50ರಿಂದ 180, 1.2ಕ್ಕೆ 75ರಿಂದ 250 ಅಂತ ಸಾಮಾನ್ಯವಾಗಿ ಕೊಡುತ್ತಾರೆ. ಸ್ಪೂಲಿನ ಮೇಲೆ ಇಂಚಿನ ಅಳತೆ ಇದ್ದರೆ 0.023 ಅಂದರೆ 0.6 ಮಿ.ಮೀ, 0.030 ಅಂದರೆ 0.8, 0.035 ಅಂದರೆ 0.9, 0.045 ಅಂದರೆ ಹೆಚ್ಚುಕಮ್ಮಿ 1.2.

ಸಣ್ಣ ತಂತಿಯ ಮಹಿಮೆ ಇವತ್ತಿನದಲ್ಲ. ಮಿಗ್ ವಿಧಾನ 1948ರಲ್ಲಿ ಅಮೆರಿಕದ ಬ್ಯಾಟೆಲ್ ಮೆಮೋರಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ರೂಪುಗೊಂಡಾಗ ಗಮನ ಇದ್ದದ್ದು ಅಲ್ಯೂಮಿನಿಯಂ ಮೇಲೆ. ತೆಳು ಶೀಟಿಗೆ ಅದು ಒಗ್ಗಿದ್ದು 1958-59ರ ಹೊತ್ತಿಗೆ. ಆಗ ಸಣ್ಣ ತಂತಿ ಬಳಸಿ, ತಂತಿ ಶೀಟಿಗೆ ತಾಗಿ ತಾಗಿ ಹನಿ ಬಿಡುವ ಶಾರ್ಟ್ ಆರ್ಕ್ ವಿಧಾನ ಬಂತು. ನಾವು ಸಣ್ಣ ಮಷೀನಿನಲ್ಲಿ ಮಾಡುವುದೆಲ್ಲ ಅದೇ.

ಮೂರು ತಂತಿ, ಮೂರು ದಪ್ಪ

ಲೆಕ್ಕ ಸರಿ ಇರಬಹುದು, ಆದರೆ ಕಬ್ಬಿಣ ಒಪ್ಪಬೇಕಲ್ಲ. 0.6ರ ಒಂದು ಕೆ.ಜಿ. ಸಣ್ಣ ಸ್ಪೂಲ್ ಕೂಡ ತಂದೆ. ಮೂರೂ ಸಾದಾ ಸ್ಟೀಲಿಗೆ ಬಳಸುವ ಇಆರ್ 70ಎಸ್-6 ತಂತಿಯೇ. ಇದರಲ್ಲಿ ಮ್ಯಾಂಗನೀಸ್, ಸಿಲಿಕಾನ್ ಸ್ವಲ್ಪ ಜಾಸ್ತಿ ಇರುತ್ತದೆ, ಸಣ್ಣಪುಟ್ಟ ತುಕ್ಕು ಇದ್ದರೂ ಬೀಡಿನಲ್ಲಿ ಗುಳ್ಳೆ ಬರದಂತೆ ತಡೆಯುತ್ತದೆ. ಪ್ರತಿ ಸಲವೂ ತಂತಿಗೆ ಹೊಂದುವ ಗ್ರೂವ್, ಲೈನರ್, ಟಿಪ್ ಹಾಕಿಯೇ ಮಾಡಿದೆ. 0.6ಕ್ಕೆ ರೋಲರ್ ಬೇರೆ ತರಬೇಕಾಯಿತು. ತಂತಿ ಟಿಪ್‌ನಿಂದ 10 ಮಿ.ಮೀ ಹೊರಗೆ, ಗ್ಯಾಸು ನಿಮಿಷಕ್ಕೆ 12 ಲೀಟರ್.

ವೋಲ್ಟೇಜ್ ಎಲ್ಲಿಂದ ಶುರು ಮಾಡುವುದು ಅನ್ನುವುದಕ್ಕೆ ಒಂದು ಸೂತ್ರ ಇದೆ. ವೆಲ್ಡಿಂಗ್ ಮಷೀನುಗಳ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಮಿಗ್ ಮಷೀನನ್ನು ಪರೀಕ್ಷಿಸಲು ಬಳಸುವುದು. ಆಂಪ್ ಅನ್ನು 20ರಿಂದ ಭಾಗಿಸಿ 14 ಸೇರಿಸುವುದು. 80 ಆಂಪ್‌ಗೆ 18 ವೋಲ್ಟ್, 150ಕ್ಕೆ 21.5. ತೆಳು ಶೀಟಿಗೆ ನಾನು ಅರ್ಧ ವೋಲ್ಟ್ ಕಮ್ಮಿ ಇಟ್ಟು ಶುರು ಮಾಡಿದೆ, ಆಮೇಲೆ ಸದ್ದು ಕೇಳಿ ತಿದ್ದಿಕೊಂಡೆ.

1.2 ಮಿ.ಮೀ ಶೀಟಿನಲ್ಲಿ 0.6 ತಂತಿ ರಾಜ. 45 ಆಂಪ್, ವೇಗ 4 ಮೀಟರ್. ಆರ್ಕ್ ಎಷ್ಟು ಶಾಂತ ಅಂದರೆ ಕೈ ನಡುಗಿದರೂ ಕ್ಷಮಿಸುತ್ತದೆ. 0.8 ತಂತಿಯಲ್ಲೂ ಬಂತು, ಆದರೆ ವೇಗದ ತಿರುಗಣೆ ಕೆಳ ತುದಿಯ ಹತ್ತಿರವೇ ಇತ್ತು. ಕ್ಷಣ ನಿಂತರೂ ಶೀಟು ಕೆಂಪಗೆ ಇಳಿಯಲು ಶುರು. ಶೀಟಿನ ಕೆಲಸ ಮಾತ್ರ ಮಾಡುವವರಿಗೆ, ಬಾಡಿ ರಿಪೇರಿ ಮಾಡುವವರಿಗೆ, ನಾನು 0.6 ಅನ್ನೇ ಹೇಳುತ್ತೇನೆ.

2 ಮಿ.ಮೀ ಪೈಪಿನಲ್ಲಿ ಮೂರೂ ಪಾಸು. ಇಲ್ಲಿ ಹೇಳುವಂಥದ್ದು ಏನೂ ಇಲ್ಲ. ಮೊದಲ ದಿನ ನನಗೆ ಧೈರ್ಯ ಬಂದದ್ದು ಪೈಪಿನಿಂದ ಶುರು ಮಾಡಿದ್ದಕ್ಕೆ, ನನ್ನ ಕೈಚಳಕದಿಂದಲ್ಲ.

6 ಮಿ.ಮೀಯಲ್ಲಿ ಮಜಾ ಬಂತು. ಎರಡು ಪ್ಲೇಟಿನ ತುಂಡುಗಳನ್ನು ತಲೆಕೆಳಗಾದ ಟಿ ಆಕಾರಕ್ಕೆ ನಿಲ್ಲಿಸಿ ಒಂದೇ ಬದಿಗೆ ಬೀಡ್ ಹಾಕಿದೆ. 0.6 ತಂತಿ 11 ಮೀಟರ್ ದಾಟಿದ ಮೇಲೆ ಫೀಡ್ ತಡವರಿಸಿತು, ಹಾಗಾಗಿ 120 ಆಂಪ್‌ಗೆ ನಿಲ್ಲಿಸಿದೆ. ಬೀಡ್ ನೋಡಲು ಬಲು ಚಂದ. ಒಂದೇ ಅಗಲ, ಸುತ್ತ ಸಿಡಿದು ಅಂಟುವ ಹನಿಗಳು (ಸ್ಪ್ಯಾಟರ್) ಇಲ್ಲವೇ ಇಲ್ಲ. ಫೋಟೋ ತೆಗೆದಿಟ್ಟುಕೊಂಡೆ. ಆಮೇಲೆ ವೈಸ್‌ನಲ್ಲಿ ಕಚ್ಚಿಸಿ, ನಿಂತಿದ್ದ ತುಂಡನ್ನು ಬೀಡಿನ ಕಡೆಗೆ ಸುತ್ತಿಗೆಯಿಂದ ಮಡಚಿದೆ. ನಾಲ್ಕನೇ ಏಟಿಗೆ ಬೀಡ್ ಸಿಪ್ಪೆಯ ಹಾಗೆ ಪ್ಲೇಟಿನಿಂದ ಎದ್ದು ಬಂತು. ಅದು ಕೂತಿದ್ದ ಜಾಗದಲ್ಲಿ ಪ್ಲೇಟಿನ ಮೇಲೆ ಗ್ರೈಂಡರಿನ ಗೀರುಗಳು ಹಾಗೇ ಇದ್ದವು. ಕಬ್ಬಿಣ ಕರಗಿಯೇ ಇರಲಿಲ್ಲ. ಮೇಲೆ ಅಂಟು ಹಚ್ಚಿದ ಹಾಗೆ ಆಗಿತ್ತು ಅಷ್ಟೆ.

0.8 ತಂತಿಯನ್ನು 150 ಆಂಪ್, 21.5 ವೋಲ್ಟಿಗೆ ಇಟ್ಟು ಕೈ ನಿಧಾನ ಮಾಡಿ ಹಾಕಿದ ತುಂಡು ಪೂರ್ತಿ ಮಡಚಿಕೊಂಡರೂ ಬಿಡಲಿಲ್ಲ. 1.0 ತಂತಿಯದೂ ಹಾಗೇ. ಎರಡನ್ನೂ ಅಡ್ಡಕ್ಕೆ ಕೊಯ್ದು, ಎಮೆರಿ ಪೇಪರಿನಲ್ಲಿ ನುಣ್ಣಗೆ ಉಜ್ಜಿ, ಸರ್ಕ್ಯೂಟ್ ಬೋರ್ಡ್ ಕೊರೆಯುವ ಫೆರಿಕ್ ಕ್ಲೋರೈಡ್ ಸವರಿದೆ. ಕೈಗವಸು, ಕನ್ನಡಕ ಬೇಕೇ ಬೇಕು, ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಒಂದು ನಿಮಿಷಕ್ಕೆ ಬೆಸುಗೆಯ ಭಾಗ ಬೇರೆ ಬಣ್ಣಕ್ಕೆ ತಿರುಗಿ ಎದ್ದು ಕಂಡಿತು. 0.8ರದ್ದು ಸ್ವಲ್ಪ ಕಿರಿದು, ಮೂಲೆಯೊಳಗೆ ಚೂಪಾಗಿ ಇಳಿದಿತ್ತು. 1.0ರದ್ದು ಅಗಲ, ಇಳಿತ ಅದಕ್ಕಿಂತ ತುಸು ಕಮ್ಮಿ. ಅದಕ್ಕೆ ಕಾರಣ ಇದೆ. ಒಂದೇ ಆಂಪ್ ಸಣ್ಣ ತಂತಿಯಲ್ಲಿ ಹರಿದಾಗ ಕರೆಂಟ್ ಒತ್ತಾಗಿ ಹರಿಯುತ್ತದೆ. 150 ಆಂಪ್‌ಗೆ 0.8 ತಂತಿಯಲ್ಲಿ ಚದರ ಮಿ.ಮೀಗೆ ಸುಮಾರು 300 ಆಂಪ್ ಬಿದ್ದರೆ 1.0ರಲ್ಲಿ 190. ದಪ್ಪ ಪ್ಲೇಟಿಗೆ ದಪ್ಪ ತಂತಿ ಹಾಕಿದರೆ ಆಳಕ್ಕೆ ಇಳಿಯುತ್ತದೆ ಅಂತ ನಾನೂ ನಂಬಿದ್ದೆ. ಅದು ನಿಜವಾಗುವುದು ಆ ತಂತಿಗೆ ತಕ್ಕಷ್ಟು ಆಂಪ್ ಕೊಡುವ ಮಷೀನು ಇದ್ದರೆ ಮಾತ್ರ. 160 ಆಂಪ್ ಮಷೀನಿಗೆ 1.2 ತಂತಿ ಹಾಕುವುದು ಸುಮ್ನೆ ಹಿಂಸೆ. ಅದು 250, 300 ಆಂಪ್ ಮಷೀನುಗಳ ತಂತಿ. ಆರ್ಗಾನ್ ಜಾಸ್ತಿ ಇರುವ ಗ್ಯಾಸಿನಲ್ಲಿ ಸುಮಾರು 220 ಆಂಪ್ ದಾಟಿದ ಮೇಲೆ ಅದು ಸಣ್ಣ ಹನಿಗಳ ಸ್ಪ್ರೇ ಆಗಿ ಸದ್ದಿಲ್ಲದೆ ಸುರಿಯಲು ಶುರು ಮಾಡುತ್ತದೆ. ಅದು ಬೇರೆಯೇ ಲೋಕ.

150 ಆಂಪ್‌ನಲ್ಲಿ ಎರಡು ತುಂಡು ಮುಗಿಸುವಷ್ಟರಲ್ಲಿ ಮಷೀನು ಬಿಸಿಯಾಗಿದೆ ಅಂತ ಹೇಳುವ ಹಳದಿ ದೀಪ ಹೊತ್ತಿತು. ಮೈಮೇಲಿನ ಪಟ್ಟಿಯಲ್ಲಿ 160 ಆಂಪ್‌ಗೆ 20 ಪರ್ಸೆಂಟ್ ಅಂತ ಬರೆದಿದೆ. ಹತ್ತು ನಿಮಿಷದಲ್ಲಿ ಎರಡು ನಿಮಿಷ ಮಾತ್ರ ವೆಲ್ಡ್ ಮಾಡಬಹುದು. ಫ್ಯಾನ್ ಓಡುತ್ತಿರಲಿ ಅಂತ ಬಿಟ್ಟು ನಾನೂ ಕೂತೆ.

ಫ್ಲಕ್ಸ್ ಕೋರ್ ತಂತಿ ಬಗ್ಗೆ ಎರಡು ಮಾತು. ಗ್ಯಾಸಿಲ್ಲದೆ ಬಳಸುವ ತಂತಿ ಒಳಗೆ ಟೊಳ್ಳು, ಪುಡಿ ತುಂಬಿರುತ್ತದೆ. ನುಣುಪಾದ ವಿ ಗ್ರೂವ್ ಅದನ್ನು ಚಪ್ಪಟೆ ಮಾಡಬಹುದು, ಹಲ್ಲು ಹಲ್ಲಾದ ಗ್ರೂವಿನ ರೋಲರ್ ಬೇಕು. ಟಾರ್ಚನ್ನು ಮೈನಸ್ಸಿಗೆ ಕೊಡಬೇಕು. ಗ್ಯಾಸಿನ ಜೊತೆ ಗಟ್ಟಿ ತಂತಿಗೆ ಟಾರ್ಚ್ ಪ್ಲಸ್ಸಿಗೆ. ಅಲ್ಯೂಮಿನಿಯಂಗೆ ಯು ಗ್ರೂವ್, ಟೆಫ್ಲಾನ್ ಲೈನರ್. ಮೆತ್ತಗಿನ ತಂತಿಯಾದ್ದರಿಂದ ಅಲ್ಲಿ 1.0ಕ್ಕಿಂತ ಸಣ್ಣದು ತಳ್ಳುವುದು ಕಷ್ಟ.

ಮತ್ತೆ ಮೇಜಿಗೆ

ಪರೀಕ್ಷೆ ಮುಗಿದ ಮೇಲೆ 0.6 ಸ್ಪೂಲ್ ತೆಗೆದಿಟ್ಟು ಮೇಜನ್ನೆಲ್ಲ 0.8ರಲ್ಲೇ ಮುಗಿಸಿದೆ. ಶೀಟಿಗೆ 0.6 ವಾಸಿ ಅಂತ ಈಗಷ್ಟೇ ಹೇಳಿದೆ, ನಿಜ. ಆದರೆ ಒಂದು ಟ್ರೇಗೋಸ್ಕರ ರೋಲರ್, ಟಿಪ್ ಎಲ್ಲ ಬದಲಿಸುವುದಕ್ಕಿಂತ ಕೈಯನ್ನು ಸ್ವಲ್ಪ ಜಾಗ್ರತೆಯಿಂದ ಓಡಿಸುವುದು ಸುಲಭ ಅನ್ನಿಸಿತು.

ಟ್ರೇ ಮೂಲೆಗಳಿಗೆ 2.4 ಮೀಟರ್ ವೇಗ, 16 ವೋಲ್ಟ್. ಉದ್ದಕ್ಕೆ ಎಳೆಯಲೇ ಇಲ್ಲ. ಎರಡೂವರೆ ಸೆಂ.ಮೀಗೊಂದು ಟ್ಯಾಕ್ (ಚುಕ್ಕಿ ಬೆಸುಗೆ), ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ. ತಣ್ಣಗಾದ ಮೇಲೆ ನಡುವಿನ ಜಾಗ ತುಂಬಿದೆ. ಹಿಂದುಗಡೆ ಒಂದು ದಪ್ಪ ತಾಮ್ರದ ಪಟ್ಟಿ ಒತ್ತಿ ಹಿಡಿದಿದ್ದೆ. ಅದು ಬಿಸಿಯನ್ನು ಹೀರುತ್ತದೆ, ಬೆಸುಗೆ ಅದಕ್ಕೆ ಅಂಟುವುದಿಲ್ಲ. ಶೀಟುಗಳ ನಡುವೆ ಸಂದು ಇರುವಲ್ಲಿ ಯಾವ ತಂತಿ ಹಾಕಿದರೂ ತೂತೇ. ಮೊದಲ ದಿನದ ಹನ್ನೊಂದರಲ್ಲಿ ನಾಲ್ಕಾದರೂ ನಾನು ಶೀಟು ಸರಿಯಾಗಿ ಕೂಡಿಸದೆ ಆದದ್ದು. ಅದನ್ನು ತಂತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕಾಲುಗಳನ್ನು ಮೇಲಿನ ಪ್ಲೇಟಿಗೆ ಕೂಡಿಸುವಾಗ ಒಂದು ಬದಿ 2 ಮಿ.ಮೀ, ಇನ್ನೊಂದು ಬದಿ 6 ಮಿ.ಮೀ. 100 ಆಂಪ್ ಇಟ್ಟು, ಆರ್ಕನ್ನು ಮುಕ್ಕಾಲು ಪಾಲು ಪ್ಲೇಟಿನ ಮೇಲೆ ಇರಿಸಿ, ಕರಗಿದ ಕೊಳವನ್ನು ಪೈಪಿನ ಅಂಚಿಗೆ ತಾಗಿಸುತ್ತಾ ಹೋದೆ. ನೇರ ಮೂಲೆಗೆ ಗುರಿ ಇಟ್ಟಿದ್ದರೆ ಪೈಪು ಕರಗುತ್ತಿತ್ತು, ಪ್ಲೇಟು ತಣ್ಣಗೇ ಇರುತ್ತಿತ್ತು. ವೈಸ್ ಕೂರಿಸುವ ಬ್ರಾಕೆಟ್ ಮಾತ್ರ 6 ಮಿ.ಮೀಗೆ 6 ಮಿ.ಮೀ. ಅದರ ಅಂಚನ್ನು ಗ್ರೈಂಡರಿನಿಂದ ಓರೆ ಮಾಡಿ, 150 ಆಂಪ್‌ನಲ್ಲಿ ಮೂರು ಪದರ ಹಾಕಿದೆ. ಎರಡು ಪದರಗಳ ನಡುವೆ ಹಳದಿ ದೀಪದ ಜೊತೆ ಇನ್ನೊಮ್ಮೆ ಕೂತೆ.

ಉಳಿದ 1.0 ಸ್ಪೂಲನ್ನು ತೇವ ತಾಗದಂತೆ ಸಿಲಿಕಾ ಜೆಲ್ ಹಾಕಿ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಅದೇ ಚೀಲದೊಳಗೆ ಅದರ ಕೆಂಪು ಲೈನರ್, ಎರಡು 1.0 ಟಿಪ್ ಕೂಡ ಇವೆ. 0.6ರ ಚೀಲದಲ್ಲಿ ಅದರ ರೋಲರ್, ಟಿಪ್. ಮಷೀನಿನ ಬಾಗಿಲ ಒಳಗಡೆ ಒಂದು ಕಾಗದ ಅಂಟಿಸಿದೆ: 0.8 ತಂತಿ, 1.2 ಶೀಟಿಗೆ 2.4 ಮೀಟರ್, 2 ಪೈಪಿಗೆ 4 ಮೀಟರ್, 6 ಪ್ಲೇಟಿಗೆ 7.5 ಮೀಟರ್. ತಿರುಗಣೆಯ ಮೇಲೆ ಆ ಮೂರು ಜಾಗಕ್ಕೆ ಮಾರ್ಕರಿನಿಂದ ಗೆರೆ ಎಳೆದಿದ್ದೇನೆ.

ಟ್ರೇಯ ಎಡ ಮೂಲೆಯಲ್ಲಿ ಮೊದಲ ದಿನದ ಶೀಟೇ ಇದೆ. ತೂತುಗಳನ್ನು ಒಂದೊಂದಾಗಿ ತುಂಬಿ ಉಜ್ಜಿದೆ. ಹತ್ತು ಸರಿಯಾಗಿ ಮುಚ್ಚಿದವು. ಹನ್ನೊಂದನೆಯದು ತುಂಬಿದಷ್ಟೂ ದೊಡ್ಡದಾಯಿತು. ಅದನ್ನು ಗುಂಡಗೆ ಕೊರೆದು ಈಗ ಗ್ರೈಂಡರಿನ ವೈರ್ ಹಾಯಿಸಲು ಬಳಸುತ್ತಿದ್ದೇನೆ.